ಮತ್ತೆ ಬಗ್ಗಿ ಹೂ ಕೊಯ್ಯುತ್ತಿದ್ದೇನೆ, ನಿಮಗೆಲ್ಲ ಧನ್ಯವಾದ

ಶಂಕರಪುರದ ನಮ್ಮ ಮನೆಯ ಮಲ್ಲಿಗೆಯನ್ನು ಈಗ ಮತ್ತೆ ನಾನೇ ಕೊಯ್ಯುತ್ತಿದ್ದೇನೆ. ಬಗ್ಗಿ ಎದ್ದರೂ ತಲೆ ತಿರುಗುವುದಿಲ್ಲ. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರೇ ಧನ್ಯವಾದ ಹೇಳಬೇಕು.

ಮೊದಲು ಉಡುಪಿಯ ಫಿಸಿಯೋಥೆರಪಿ ಮೇಡಂ, ನಿಮಗೆ. ಬಲಕ್ಕೆ ಮಗ್ಗುಲು ಬದಲಿಸಿದರೆ ಸಾಕು, ಮನೆಯ ಮಾಡು ಗಿರಗಿರ ತಿರುಗುತ್ತಿತ್ತು. ಒಂದು ನಿಮಿಷದೊಳಗೆ ನಿಲ್ಲುತ್ತಿತ್ತು, ಹೆದರಿಕೆ ಮಾತ್ರ ಇಡೀ ದಿನ. ಕೆಲವರು ಬಿಪಿ ಅಂದರು, ಕೆಲವರು ಪಿತ್ತ ಅಂದರು. ಕಿವಿ ಡಾಕ್ಟರು ಬಿಪಿಪಿವಿ, ಅಂದರೆ ಒಳಗಿವಿಯಿಂದ ಬರುವ ತಲೆಸುತ್ತು ಇರಬೇಕು ಅಂತ ನಿಮ್ಮ ಹತ್ತಿರ ಕಳಿಸಿದರು. ನೀವು ನನ್ನ ತಲೆಯನ್ನು ಬಲಕ್ಕೆ ತಿರುಗಿಸಿ, ಬೇಗ ಹಿಂದಕ್ಕೆ ಮಲಗಿಸಿ, ಕಣ್ಣನ್ನೇ ನೋಡುತ್ತಾ ಕೂತಿರಿ. ಕಣ್ಣುಗುಡ್ಡೆ ಅದುರಿತು. "ಬಲಗಿವಿಯಮ್ಮ, ಹೆದರಬೇಡಿ" ಅಂದಿರಿ. ಒಳಗಿವಿಯಲ್ಲಿರುವ ಕ್ಯಾಲ್ಸಿಯಂ ಹರಳುಗಳು ತಮ್ಮ ಜಾಗ ಬಿಟ್ಟು, ಅಲ್ಲಿನ ಬಾಗಿದ ನಾಳದೊಳಗೆ ಸೇರಿದರೆ ಹೀಗಾಗುತ್ತದಂತೆ. ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಅವನ್ನು ಆ ನಾಳದಿಂದ ಹೊರಗೆ ತಂದಿರಿ. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಬರೆದು ತಿಳಿಸಿದ ಕ್ರಮ ಇದು. ಚುಚ್ಚುಮದ್ದಿಲ್ಲ, ಆಪರೇಷನ್ ಇಲ್ಲ!

ಸುತ್ತು ನಿಂತ ಮೇಲೂ ನಡೆಯುವಾಗ ತೇಲಿದ ಹಾಗೆ ಆಗುತ್ತಿತ್ತು. ನಿಮ್ಮ ನಿಜವಾದ ಉಪಕಾರ ಇಲ್ಲಿದೆ. "ಹೆದರಿ ಕುತ್ತಿಗೆ ಬಿಗಿ ಹಿಡಿದರೆ ಮಿದುಳು ಹೊಂದಿಕೊಳ್ಳುವುದಿಲ್ಲ, ಅಲ್ಲಾಡಿಸಿ" ಅಂದಿರಿ. ಹೆಬ್ಬೆರಳನ್ನೇ ನೋಡುತ್ತಾ ತಲೆಯನ್ನು ಆಚೀಚೆ ಆಡಿಸುವುದು, ಕಾಲು ಜೋಡಿಸಿ ನಿಲ್ಲುವುದು, ಎಡಬಲ ನೋಡುತ್ತಾ ನಡೆಯುವುದು. ಮನೆಯಲ್ಲಿ ಏನು ಕೆಲಸ ಅಂತ ಕೇಳಿ, ಖಾಲಿ ಬುಟ್ಟಿ ಹಿಡಿಸಿ, ಹೂ ಕೊಯ್ಯುವ ಹಾಗೆಯೇ ಬಗ್ಗಿಸಿ ಎಬ್ಬಿಸಿದಿರಿ. ರೋಗಿಯ ಬದುಕನ್ನು ಇಷ್ಟು ವಿಚಾರಿಸುವವರು ಅಪರೂಪ, ಅಲ್ವಾ?

ಪಕ್ಕದ ಮನೆಯ ಬಾಯಮ್ಮ, ನಿಮ್ಮದೇ ತೋಟದ ಕೆಲಸ ಬೆಟ್ಟದಷ್ಟಿತ್ತು. ಆದರೂ ಬೆಳಿಗ್ಗೆ ಬೇಗ ಬಂದು ನಮ್ಮ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಹೂ ಮಾರುವ ಕಟ್ಟೆಗೆ ಮುಟ್ಟಿಸಿದಿರಿ. ತಡವಾದರೆ ಹೂವಿಗೆ ಬೆಲೆ ಇಲ್ಲ ಅಂತ ನಿಮಗೆ ಹೇಳಿಕೊಡಬೇಕಾಗಿರಲಿಲ್ಲ. ಬಸ್ಸಿನ ಕಂಡಕ್ಟರಣ್ಣ, ನಾನು ಕೂತ ಮೇಲೆಯೇ "ರೈಟ್" ಹೇಳುತ್ತಿದ್ದಿರಿ, ಅದನ್ನೂ ಮರೆತಿಲ್ಲ. ನಮ್ಮವರಿಗೆ ಏನು ಹೇಳಲಿ, ಎಲ್ಲ ಅವರಿಗೆ ಗೊತ್ತು.

ಇದು ಮತ್ತೆ ಬರಬಹುದು ಅಂತ ಮೇಡಂ ಮುಚ್ಚಿಡದೆ ಹೇಳಿದ್ದಾರೆ. ಬಂದರೆ ಏನು ಮಾಡಬೇಕು ಅಂತ ಈಗ ಗೊತ್ತಿದೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ ಅದು ಬೇರೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ನಮ್ಮ ಊರಲ್ಲಿ ಯಾರಿಗಾದರೂ ನನ್ನ ಹಾಗೆ ಆಗುತ್ತಿದ್ದರೆ ಕೇಳಿ. ಡಾಕ್ಟರ ಹತ್ತಿರ ಜೊತೆಗೆ ಬರುತ್ತೇನೆ.