ಮೇಷ್ಟ್ರ ಸಂಬಳ ತಿಂಗಳಿಗೆ ಸರಿಯಾಗಿ ಬರಲಿ

ಮಾನ್ಯ ಸಂಪಾದಕರೇ,

ಅತಿಥಿ ಶಿಕ್ಷಕರ ಗೌರವಧನ ತಿಂಗಳುಗಟ್ಟಲೆ ಬಾಕಿ ಉಳಿದಿರುವ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿದೆ. ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾನೂ ಅತಿಥಿ ಶಿಕ್ಷಕಿ. ನೇಮಕಾತಿ ಪರೀಕ್ಷೆಗೆಂದು ಯುರೋಪಿನ ಇತಿಹಾಸ ಓದುವಾಗ ಸಿಕ್ಕ ಒಬ್ಬ ಸ್ಪೇನ್ ರಾಜಕಾರಣಿಯ ವಿಚಾರವನ್ನು ಈ ಹೊತ್ತಿನಲ್ಲಿ ಹೇಳಲೇಬೇಕು ಅನ್ನಿಸಿದೆ.

ಅವರ ಹೆಸರು ಅಲ್ವಾರೊ ದೆ ಫಿಗೆರೋವಾ, ರೊಮನೋನೆಸ್‌ನ ಕೌಂಟ್ (ಅಲ್ಲಿನ ಕುಲೀನರ ಒಂದು ಪದವಿ). 1863ರಲ್ಲಿ ಮ್ಯಾಡ್ರಿಡ್‌ನ ಆಗರ್ಭ ಶ್ರೀಮಂತರ ಮನೆಯಲ್ಲಿ ಹುಟ್ಟಿದವರು. ಗಣಿಯಿತ್ತು, ಜಮೀನಿತ್ತು, ಗ್ವಾದಲಹಾರಾ ಪ್ರಾಂತ್ಯದ ಮತಗಳಂತೂ ಅವರ ಮುಷ್ಟಿಯಲ್ಲೇ ಇದ್ದವು. ಆ ಬಗೆಯ ರಾಜಕಾರಣವನ್ನು ನಾನು ಮೆಚ್ಚುವವಳಲ್ಲ. ಮ್ಯಾಡ್ರಿಡ್‌ನ ಮೇಯರ್ ಆಗಿ, ಮುಂದೆ ಮೂರು ಸಲ ಪ್ರಧಾನಿಯಾದರು. ಬಾರ್ಸಿಲೋನಾದ ದೊಡ್ಡ ಮುಷ್ಕರದ ನಂತರ, 1919ರಲ್ಲಿ, ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಆದೇಶ ಬಂದದ್ದು ಅವರ ಸರ್ಕಾರದಿಂದ. 1931ರಲ್ಲಿ ದೊರೆ ದೇಶ ಬಿಡುವ ಮಾತುಕತೆಗೆ ಕೂತವರೂ ಅವರೇ.

ಆದರೆ ನನ್ನಂಥವರು ನೆನೆಯಬೇಕಾದದ್ದು 1901ರ ಕೆಲಸವನ್ನು. ಆಗ ಅವರು ಶಿಕ್ಷಣ ಮಂತ್ರಿ. ಅಲ್ಲಿಯವರೆಗೆ ಸ್ಪೇನಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಸಂಬಳ ಕೊಡುವ ಹೊಣೆ ಆಯಾ ಊರಿನ ಪುರಸಭೆಯದು. ಬಡ ಊರುಗಳ ಬಳಿ ದುಡ್ಡಿರಲಿಲ್ಲ, ಇದ್ದ ಕಡೆ ಕೊಡುವ ಮನಸ್ಸಿರಲಿಲ್ಲ. ಬಾಕಿ ವರ್ಷಗಟ್ಟಲೆ ಬೆಳೆಯುತ್ತಿತ್ತು. 'ಶಾಲೆ ಮೇಷ್ಟ್ರಿಗಿಂತ ಹೆಚ್ಚು ಹಸಿದವನು' ಎಂಬ ಗಾದೆಯೇ ಅಲ್ಲಿತ್ತು. ರೊಮನೋನೆಸ್ ಆ ಸಂಬಳವನ್ನು ಪುರಸಭೆಗಳಿಂದ ತೆಗೆದು ನೇರವಾಗಿ ಸರ್ಕಾರದ ಬಜೆಟ್ಟಿಗೆ ಸೇರಿಸಿದರು. ಹಸಿವೆಂದರೇನೆಂದು ಗೊತ್ತಿಲ್ಲದ ಮನೆಯಲ್ಲಿ ಬೆಳೆದವರಿಗೂ ಮೇಷ್ಟ್ರ ಹಸಿವು ಸರ್ಕಾರದ ಹೊಣೆ ಅನ್ನಿಸಿತಲ್ಲ! ಗ್ವಾದಲಹಾರಾದಲ್ಲಿ ಅವರ ಪ್ರತಿಮೆ ನಿಲ್ಲಿಸಿದವರೂ ಶಿಕ್ಷಕರೇ.

ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ತೋಟದ ಲೈನ್ ಮನೆಗಳವರು. ಅವರ ಅಪ್ಪ ಅಮ್ಮಂದಿರಿಗೆ ವಾರಕ್ಕೊಮ್ಮೆ ತಪ್ಪದೆ ಬಟವಾಡೆ ಆಗುತ್ತದೆ. ಸಂತೆಯ ದಿನ ಅವರು ಅಂಗಡಿಯ ಲೆಕ್ಕ ತೀರಿಸಿ ಹೋಗುತ್ತಾರೆ. ಅದೇ ಅಂಗಡಿಯ ಉದ್ರಿ ಪುಸ್ತಕದಲ್ಲಿ 'ಟೀಚರಮ್ಮ' ಎಂಬ ಪುಟ ತುಂಬಿ ಮುಂದಿನ ಪುಟಕ್ಕೆ ಹೋಗಿದೆ. ಅಂಗಡಿಯವರು ಒಂದು ಮಾತೂ ಆಡಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ. ಬಸ್ ಇಳಿದು ಮಳೆಯಲ್ಲಿ ಶಾಲೆಯವರೆಗೆ ನಡೆಯುವುದು ನನಗೆ ಕಷ್ಟವೇ ಅಲ್ಲ. ಮಗ್ಗಿ ಬಾರದ ಮಗುವನ್ನು ಸಂಜೆ ಕೂರಿಸಿಕೊಂಡು ಹೇಳಿಕೊಡುವುದು ಖುಷಿಯ ಕೆಲಸ.

ನಾನು ಕೇಳುತ್ತಿರುವುದು ಹೆಚ್ಚಿನ ಹಣವನ್ನಲ್ಲ. ಕಾಯಂ ಶಿಕ್ಷಕರ ವೇತನದ ಬಿಲ್ ಆಗುವ ದಿನವೇ ನಮ್ಮದೂ ಆಗಲಿ. ಅನುದಾನ ಬಂದಿಲ್ಲ ಎಂಬ ಉತ್ತರ ಬೇಡ. ಜೂನ್‌ನಲ್ಲಿ ನಮ್ಮನ್ನು ತೆಗೆದುಕೊಳ್ಳುವ ಮೊದಲೇ ಇಡೀ ವರ್ಷದ ಹಣ ತೆಗೆದಿಡಲಿ. ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋಗುವವರನ್ನು ಆರಿಸಲು ನಮಗೆ ಮತವಿಲ್ಲ. ಆದರೂ ಮುಂದಿನ ಅಧಿವೇಶನದಲ್ಲಿ ಅವರು ಈ ಮಾತು ಎತ್ತಬೇಕು.

– ಒಬ್ಬ ಅತಿಥಿ ಶಿಕ್ಷಕಿ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ