ಯಾವ ಊರಿನ ರೂಮು ಸ್ವಾಮೀ?

ಮಾನ್ಯ ಸಂಪಾದಕರೇ,

ಮನೆಯಲ್ಲೇ ಬಿಯರ್ ಮಾಡುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಬಗ್ಗೆ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಈಸ್ಟ್ ವಿಷಯ ಒಂದೇ ಸಾಲು: ಯಾವುದಾದರೂ ಏಲ್ ಈಸ್ಟ್ (ಏಲ್ ಎಂಬ ಬಗೆಯ ಬಿಯರಿಗೆ ಹಾಕುವ ಈಸ್ಟ್) ಹಾಕಿ ರೂಮಿನಲ್ಲಿ ಇಡಬೇಕಂತೆ. ಡಿಸೆಂಬರ್ ರಾತ್ರಿಯ ಮಡಿಕೇರಿ ರೂಮೂ ಏಪ್ರಿಲ್ ಮಧ್ಯಾಹ್ನದ ಕುಶಾಲನಗರದ ರೂಮೂ ಒಂದೇನಾ? ಬೆಂಗಳೂರಿನಲ್ಲಿ ತಾನೇ ಬಿಯರ್ ತಯಾರಿಸಿ ಮಾರುವ ಬ್ರೂಪಬ್ ಒಂದರಲ್ಲಿ ಕೆಲಸ ಮಾಡಿ ಈಗ ತೋಟಕ್ಕೆ ವಾಪಸಾದವನು ನಾನು, ಸುಮ್ನೆ ಇರಲಾಗಲಿಲ್ಲ.

ಏಲ್ ಈಸ್ಟ್‌ಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಹಿತ. ಹುದುಗುವಾಗ ಶಾಖ ಹುಟ್ಟುವುದರಿಂದ ಪಾತ್ರೆಯ ಒಳಗೆ ರೂಮಿಗಿಂತ ಕೆಲವು ಡಿಗ್ರಿ ಜಾಸ್ತಿಯೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ನೋಡಿದರೆ ಕಕ್ಕಡದ (ಜುಲೈ-ಆಗಸ್ಟ್) ಮಳೆಯ ಮಡಿಕೇರಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಆಗ ಯುಎಸ್-05 ಎಂಬ ಏಲ್ ಈಸ್ಟ್ ಹಾಕಿದರೆ ಈಸ್ಟಿನ ವಾಸನೆ ಅಡ್ಡ ಬರುವುದಿಲ್ಲ, ಹಾಪ್ಸ್ ರುಚಿ ಎದ್ದು ನಿಲ್ಲುತ್ತದೆ. ಎಸ್-04 ಎಂಬ ಇನ್ನೊಂದು ಈಸ್ಟ್ ಇಂಗ್ಲಿಷ್ ತಳಿಯದು. ಸ್ವಲ್ಪ ಹಣ್ಣಿನ ಪರಿಮಳ ಬರುತ್ತದೆ, ಗಸಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಫಿಲ್ಟರ್ ಇಲ್ಲದ ಮನೆಗೆ ಇದಕ್ಕಿಂತ ಅನುಕೂಲ ಏನು ಬೇಕು? ಚಳಿಗಾಲಕ್ಕೆ ನಾಟಿಂಗ್‌ಹ್ಯಾಮ್ ಎಂಬ ಈಸ್ಟ್ ಸರಿ, ನಿಧಾನವಾದರೂ 10 ಡಿಗ್ರಿವರೆಗೂ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಇವನ್ನೆಲ್ಲ 30ರ ಹತ್ತಿರ ಬಿಟ್ಟರೆ ಸ್ಪಿರಿಟ್‌ನಂಥ ಘಾಟು ಬರುತ್ತದೆ, ಕುಡಿದವರಿಗೆ ಗೊತ್ತು. ಅಂಥ ಕಡೆಗೆ ನಾರ್ವೆಯ ಕ್ವೈಕ್ ಎಂಬ ಈಸ್ಟ್ ಇದೆ. ಅದರಲ್ಲಿ ವಾಸ್ ಎಂಬ ತಳಿ 35-40 ಡಿಗ್ರಿಯಲ್ಲೂ ಆರಾಮಾಗಿ ಹುದುಗುತ್ತದೆ, ಕಿತ್ತಳೆ ಸಿಪ್ಪೆಯ ವಾಸನೆಯನ್ನೂ ಕೊಡುತ್ತದೆ. ಕೊಡಗಿನವರಿಗೆ ಬೇಡ ಅನ್ನಿಸುತ್ತದೆಯೇ?

ನಮ್ಮಲ್ಲಿ ಮನೆ ವೈನ್‌ಗೆ ಬೇಕರಿ ಈಸ್ಟ್ ಹಾಕುವವರಿದ್ದಾರೆ. ಏಲ್ ಈಸ್ಟಿನ ಜಾತಿಯೇ ಅದೂ, ಸ್ಯಾಕರೊಮೈಸಿಸ್ ಸೆರಿವಿಸಿಯೆ. ಆದರೆ ಅದನ್ನು ಆರಿಸಿದ್ದು ಹಿಟ್ಟು ಉಬ್ಬಿಸಲು. ಶುಂಠಿ, ಸಕ್ಕರೆ ಜೋರಾಗಿರುವ ವೈನ್‌ನಲ್ಲಿ ಅದರ ರುಚಿ ಮುಚ್ಚಿಹೋಗಬಹುದು, ಬಿಯರ್‌ನಲ್ಲಿ ಮುಚ್ಚುವುದು ಕಷ್ಟ.

ಇನ್ನೊಂದು ವಿಷಯ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಲೇಖನದಲ್ಲಿ ಆ ಮಾತೇ ಇಲ್ಲ, ಓದಿದವರು ನಾಳೆಯೇ ಪಾತ್ರೆ ತೊಳೆದು ಕೂತರೆ? ಬ್ರಿಟನ್‌ನಲ್ಲಿ ಮನೆ ಬಿಯರ್‌ಗಿದ್ದ ಲೈಸೆನ್ಸನ್ನು 1963ರಲ್ಲೇ ತೆಗೆದುಹಾಕಿದರು. ಮಾರಾಟಕ್ಕಲ್ಲದೆ ಮನೆಯ ಮಟ್ಟಿಗೆ ಮಾಡಿಕೊಳ್ಳಲು ನಮ್ಮ ಸರ್ಕಾರವೂ ಒಂದು ಸುಲಭದ ಪರವಾನಗಿ ಕೊಡಬಹುದು. ನಿಮ್ಮ ಪತ್ರಿಕೆ ಅದನ್ನು ಕೇಳಲಿ.

ಲೇಖನದ ಎರಡನೇ ಕಂತು ಬರುವುದಾದರೆ ಈಸ್ಟಿನ ಹೆಸರಿನ ಪಕ್ಕ ಡಿಗ್ರಿಯನ್ನೂ ಹಾಕಿಸಿ.

– ಒಬ್ಬ ಓದುಗ, ಮಡಿಕೇರಿ