ಹಾಲಿನ ಸೊಸೈಟಿಯ ಅಜ್ಜ ಕೇಳಿದ ಪ್ರಶ್ನೆ ದೆಹಲಿಯಲ್ಲಿ ಯಾರೂ ಕೇಳುವುದಿಲ್ಲವೇ?

ಮಾನ್ಯ ಸಂಪಾದಕರೇ,

ನಮ್ಮೂರಿನ ಹಾಲಿನ ಸೊಸೈಟಿಯ ಮಹಾಸಭೆಗೆ ತಪ್ಪದೆ ಹೋಗುವವ ನಾನು. ಕಳೆದ ಸಲ ಹಾಲಿನ ಫ್ಯಾಟ್ ನೋಡುವ ಮೆಷಿನ್ ಹೊಸತು ತಂದಿದ್ದರು. ಲೆಕ್ಕ ಓದುವಾಗ ಹಿಂದಿನ ಸಾಲಿನಿಂದ ಒಬ್ಬರು ಅಜ್ಜ ಎದ್ದರು. ಹಟ್ಟಿಯಲ್ಲಿ ಇರುವುದೇ ಎರಡು ದನ. "ಹೊಸತು ತಂದದ್ದು ಸರಿ, ಹಳೇ ಮೆಷಿನ್ ಯಾರಿಗೆ ಕೊಟ್ಟಿರಿ? ಎಷ್ಟಕ್ಕೆ?" ಅಂತ ಕೇಳಿದರು. ಅರ್ಧ ಗಂಟೆ ಅದೇ ಚರ್ಚೆ. ಹೊರಗೆ ಊಟಕ್ಕೆ ಎಲೆ ಹಾಕಿ ಆಗಿತ್ತು, ಸಾರು ತಣ್ಣಗಾಯ್ತು, ಆದರೂ ಕಾರ್ಯದರ್ಶಿ ಫೈಲು ತರಿಸಿ ರಶೀದಿ ತೋರಿಸಿದ ಮೇಲೆಯೇ ಅಜ್ಜ ಕೂತದ್ದು.

ನಮ್ಮ ರಕ್ಷಣಾ ರಫ್ತಿನ ಸುದ್ದಿ ಓದುವಾಗೆಲ್ಲ ನನಗೆ ಆ ಅಜ್ಜ ನೆನಪಾಗುತ್ತಾರೆ.

2013-14ರಲ್ಲಿ ನಾವು ಹೊರದೇಶಕ್ಕೆ ಮಾರಿದ ರಕ್ಷಣಾ ಸಾಮಗ್ರಿ 686 ಕೋಟಿ ರೂಪಾಯಿಯದ್ದು. 2024-25ಕ್ಕೆ ಅದು 23,622 ಕೋಟಿ ಆಗಿದೆ. 2029ಕ್ಕೆ 50,000 ಕೋಟಿ ಮಾಡುವ ಗುರಿ. ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಹೋಯ್ತು. 2022ರ ಜನವರಿಯಲ್ಲಿ ಸುಮಾರು 37.5 ಕೋಟಿ ಡಾಲರಿಗೆ ಒಪ್ಪಂದ ಆಗಿ, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ತಲುಪಿತು. ಆರ್ಮೇನಿಯಾಕ್ಕೆ ಪಿನಾಕ ರಾಕೆಟ್ ಹೋಗಿದೆ. ಒಳ್ಳೆಯದೇ. ಬರೇ ಕೊಳ್ಳುವವರಾಗಿದ್ದ ನಾವು ಮಾರುವವರಾದದ್ದು ನನಗೂ ಖುಷಿಯೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಯಾರಿಗೆ, ಏನು, ಎಷ್ಟು ಅಂತ ಮಾರುವ ಮೊದಲು ಸಂಸತ್ತಿಗೆ ಹೇಳಬೇಕೆಂಬ ಕಾನೂನೇ ನಮ್ಮಲ್ಲಿ ಇಲ್ಲ. ಆಯುಧಗಳು ಸ್ಕೋಮೆಟ್ ಅನ್ನುವ, ರಫ್ತಿಗೆ ಅನುಮತಿ ಬೇಕಾದ ವಸ್ತುಗಳ ಪಟ್ಟಿಯಲ್ಲಿ ಬರುತ್ತವೆ. 1992ರ ವಿದೇಶಿ ವ್ಯಾಪಾರ ಕಾಯ್ದೆಯ ಕೆಳಗೆ ರಕ್ಷಣಾ ಉತ್ಪಾದನಾ ಇಲಾಖೆಯ ಅಧಿಕಾರಿಗಳು ಅನುಮತಿ ಕೊಡುತ್ತಾರೆ, ವಿದೇಶಾಂಗ ಇಲಾಖೆಯನ್ನು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಯಾವುದಾದರೂ ಸಂಸದರು ಪ್ರಶ್ನೆ ಕೇಳಿದರೆ ಒಟ್ಟು ಮೊತ್ತ ಹೇಳುತ್ತಾರೆ, ದೇಶದ ಹೆಸರು ಕೇಳಿದರೆ ಅದು ಸೂಕ್ಷ್ಮ ವಿಷಯ ಅಂದುಬಿಡುತ್ತಾರೆ. ಸೊಸೈಟಿಯಲ್ಲಿ ಹೀಗೆ ಉತ್ತರ ಕೊಟ್ಟಿದ್ದರೆ ಕಾರ್ಯದರ್ಶಿ ಅವತ್ತು ಊಟ ಮಾಡದೆಯೇ ಮನೆಗೆ ಹೋಗಬೇಕಿತ್ತು.

ಅಮೆರಿಕದಲ್ಲಿ 1976ರಿಂದ ಇದಕ್ಕೊಂದು ಕಾಯ್ದೆ ಉಂಟು. ಒಂದು ಮಿತಿಗಿಂತ ದೊಡ್ಡ ಮಾರಾಟ ಆದರೆ ಅಧ್ಯಕ್ಷರು ಮೊದಲು ಕಾಂಗ್ರೆಸ್ಸಿಗೆ ತಿಳಿಸಬೇಕು (ಅಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು, ನಮ್ಮಲ್ಲಿಯ ಕಾಂಗ್ರೆಸ್ ಪಕ್ಷ ಅಲ್ಲ ಮಾರಾಯ್ರೆ). 30 ದಿನ ಕಾಯಬೇಕು. ನ್ಯಾಟೋ ದೇಶಗಳಿಗೂ ಜಪಾನ್, ಇಸ್ರೇಲ್‌ನಂಥ ಕೆಲವು ಆಪ್ತರಿಗೂ 15 ದಿನ ಸಾಕು. ನಮ್ಮ ಸೇನೆಗೆ 31 ಡ್ರೋನ್ ಬೇಕಾದಾಗ ಆದದ್ದೂ ಇದೇ. ಅಲ್ಲಿನ ಮೇಲ್ಮನೆ ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಬೆನ್ ಕಾರ್ಡಿನ್ ತಿಂಗಳುಗಟ್ಟಲೆ ತಡೆದು ಕೂತರು, ಅವರ ಸರ್ಕಾರದಿಂದ ಕೆಲವು ಭರವಸೆ ತೆಗೆದುಕೊಂಡ ಮೇಲೆ ಬಿಟ್ಟರು. 2024ರ ಫೆಬ್ರವರಿಯಲ್ಲಿ ಪ್ರಕಟಣೆ ಬಂತು: ಅಂದಾಜು 399 ಕೋಟಿ ಡಾಲರ್, ಜೊತೆಗೆ 170 ಹೆಲ್‌ಫೈರ್ ಕ್ಷಿಪಣಿ, 310 ಬಾಂಬು. ನಮ್ಮ ಸೇನೆಗೆ ಎಷ್ಟು ಕ್ಷಿಪಣಿ ಬರಬಹುದು ಅಂತ ನಾನು ತಿಳಿದದ್ದು ಅಮೆರಿಕದ ಸರ್ಕಾರ ಅವರ ಸಂಸತ್ತಿಗೆ ಒಪ್ಪಿಸಿದ ಲೆಕ್ಕದಿಂದ! ತಮಾಷೆ ಅಲ್ವಾ?

ಅವರದ್ದು ಎಲ್ಲ ಸರಿ ಉಂಟು ಅಂತ ನಾನು ಹೇಳುವುದಿಲ್ಲ. ಸಂಸತ್ತು ಬೇಡ ಅಂದರೂ ಅಧ್ಯಕ್ಷರು ವೀಟೋ ಹಾಕಿ ಆ ನಿರ್ಣಯವನ್ನು ತಳ್ಳಿಹಾಕಬಹುದು, ಅದನ್ನು ಮುರಿಯಲು ಮೂರನೇ ಎರಡರಷ್ಟು ಮತ ಬೇಕು. 1986ರಲ್ಲಿ ಸೌದಿಗೆ ಕ್ಷಿಪಣಿ ಕೊಡುವುದು ಬೇಡ ಅಂತ ಎರಡೂ ಸದನ ಹೇಳಿದ್ದವು. ಆಗಿನ ಅಧ್ಯಕ್ಷ ರೇಗನ್ ವೀಟೋ ಹಾಕಿದರು, ಸೆನೆಟ್‌ನಲ್ಲಿ 66-34, ಬರೇ ಒಂದು ಮತ ಕಡಿಮೆ ಆಯ್ತು. 2019ರಲ್ಲಂತೂ ಟ್ರಂಪ್ ಸರ್ಕಾರ ತುರ್ತುಪರಿಸ್ಥಿತಿ ಅಂತ ಹೇಳಿ ಸೌದಿ, ಯುಎಇ, ಜೋರ್ಡಾನ್‌ಗೆ ಸುಮಾರು 810 ಕೋಟಿ ಡಾಲರಿನ ಮಾರಾಟವನ್ನು 30 ದಿನ ಕಾಯದೆಯೇ ದಾಟಿಸಿತು, ಸಂಸತ್ತು ವಿರೋಧಿಸಿದ್ದಕ್ಕೆ ಮತ್ತೆ ವೀಟೋ. ಹಾಗಾದರೆ ಆ ಕಾಯ್ದೆಯಿಂದ ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಉಂಟು. ಅದೇ 1986ರಲ್ಲಿ ವಿರೋಧ ನೋಡಿ ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗಳನ್ನು ರೇಗನ್ ಪಟ್ಟಿಯಿಂದ ತೆಗೆದಿದ್ದರು. ಯಾರೋ ಎದ್ದು ಕೇಳುತ್ತಾರೆ ಅಂತ ಗೊತ್ತಿದ್ದರೆ ಪಟ್ಟಿ ಮಾಡುವವನ ಕೈ ಸ್ವಲ್ಪ ಹಿಡಿತದಲ್ಲಿ ಇರುತ್ತದೆ.

ಮಂಗಳೂರಿನವರಿಗೆ ಇದೆಲ್ಲ ಯಾಕೆ ಅನ್ನುವವರಿಗೆ ಒಂದು ಮಾತು. 2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೋ ಅನ್ನುವ ಹಡಗಿಗೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ಬಡಿದು ಬೆಂಕಿ ಹತ್ತಿತು. ಸೌದಿಯ ಜುಬೈಲ್‌ನಿಂದ ಕಚ್ಚಾ ತೈಲ ತುಂಬಿಕೊಂಡು ಅದು ಬರುತ್ತಿದ್ದದ್ದು ಎಲ್ಲಿಗೆ? ನಮ್ಮ ಪಣಂಬೂರಿನ ಬಂದರಿಗೆ. ಅದರಲ್ಲಿ ಇದ್ದವರು ಹೆಚ್ಚಿನವರು ಭಾರತೀಯರೇ. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಕೋಸ್ಟ್ ಗಾರ್ಡ್‌ನವರು ಜೊತೆಗಿದ್ದು ಮುಂಬೈಗೆ ಕರಕೊಂಡು ಹೋದರು. ಡ್ರೋನ್ ಇರಾನ್‌ನಿಂದ ಹಾರಿದ್ದು ಅಂತ ಅಮೆರಿಕ ಹೇಳಿತು, ಇರಾನ್ ಇಲ್ಲ ಅಂದಿತು. ಸಂಜೆ ಪಣಂಬೂರು ಬೀಚಿನಲ್ಲಿ ಚರುಮುರಿ ತಿನ್ನುತ್ತಾ ದೂರದಲ್ಲಿ ಲಂಗರು ಹಾಕಿದ ಹಡಗುಗಳ ದೀಪ ನೋಡುವಾಗ ಈಗ ನನಗೆ ಇದೇ ಯೋಚನೆ ಬರುತ್ತದೆ. ಗಲ್ಫ್‌ನಲ್ಲಿ ಒಬ್ಬನಾದರೂ ಇಲ್ಲದ ಮನೆ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. ಯಾರು ಯಾರಿಗೆ ಆಯುಧ ಮಾರಿದರು ಅನ್ನುವುದು ನಮಗೆ ದೂರದ ಸುದ್ದಿ ಅಲ್ಲ.

ಮಾರಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಅಜ್ಜನ ಪ್ರಶ್ನೆ. 2024ರ ಸೆಪ್ಟೆಂಬರ್‌ನಲ್ಲಿ ಭಾರತದ ಫಿರಂಗಿ ಗುಂಡುಗಳು ಯುರೋಪಿನ ಗಿರಾಕಿಗಳ ಕೈಯಿಂದ ಉಕ್ರೇನಿಗೆ ತಲುಪಿವೆ ಅಂತ ರಾಯಿಟರ್ಸ್ ಬರೆಯಿತು. ಅದು ಊಹಾಪೋಹ, ದಾರಿ ತಪ್ಪಿಸುವ ವರದಿ ಅಂತ ವಿದೇಶಾಂಗ ಇಲಾಖೆ ಹೇಳಿತು. ಯಾರ ಮಾತು ಸರಿ ಅಂತ ನೋಡಲು ಸಂಸದರ ಕೈಯಲ್ಲಿ ಒಂದು ಕಾಗದವಾದರೂ ಬೇಕಲ್ಲ? ಅದೇ ತಿಂಗಳು, ಇಸ್ರೇಲಿಗೆ ಆಯುಧ ರಫ್ತು ನಿಲ್ಲಿಸಿ ಅಂತ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು, ವಿದೇಶಾಂಗ ನೀತಿ ಸರ್ಕಾರದ ಕೆಲಸ, ತನ್ನದಲ್ಲ ಅಂದಿತು. ಅದು ಸರಿಯೇ ಇರಬಹುದು. ಆದರೆ ಕೋರ್ಟಿನಲ್ಲಿ ಕೇಳುವ ಹಾಗಿಲ್ಲ ಅಂದ ಮೇಲೆ ಕೇಳುವ ಜಾಗ ಉಳಿದದ್ದು ಒಂದೇ, ಸಂಸತ್ತು.

ಗುಟ್ಟು ಹೊರಗೆ ಬಿದ್ದರೆ ಅಂತ ಹೆದರುವುದು ಸುಮ್ನೆ ನೆಪ. ರಕ್ಷಣೆಗೆಂದೇ 31 ಸದಸ್ಯರ ಸ್ಥಾಯಿ ಸಮಿತಿ ಉಂಟು, ಎಲ್ಲ ಪಕ್ಷದವರೂ ಇದ್ದಾರೆ, ಬಾಗಿಲು ಮುಚ್ಚಿಯೇ ಸಭೆ ಮಾಡುತ್ತಾರೆ. ದೊಡ್ಡ ಮಾರಾಟವನ್ನು ಒಂದು ತಿಂಗಳು ಮೊದಲು ಆ ಸಮಿತಿಗೆ ತೋರಿಸಿ ಸಾಕು. ನಮಗೆ ಬೊಫೋರ್ಸ್ ಫಿರಂಗಿ ಮಾರಿದ ಸ್ವೀಡನ್‌ನಲ್ಲೇ ಇವತ್ತು ರಾಜಕೀಯ ಪಕ್ಷಗಳ ಪ್ರತಿನಿಧಿಗಳು ಕೂರುವ ರಫ್ತು ಮಂಡಳಿ ಇದೆ. ಆ ಬೊಫೋರ್ಸ್ ಲಂಚದ ಆರೋಪ ತನಿಖೆ ಮಾಡಲು ನಾವು ಜಂಟಿ ಸದನ ಸಮಿತಿ ಮಾಡಿದ್ದು 1987ರಲ್ಲಿ, ನಮ್ಮದೇ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ ಅದರ ಅಧ್ಯಕ್ಷರು. ಒಪ್ಪಂದಕ್ಕೆ ಸಹಿ ಬಿದ್ದು ಒಂದು ವರ್ಷ ದಾಟಿತ್ತು. ಎಲ್ಲ ಆದ ಮೇಲೆ ಕೇಳಿದರೆ ಜಗಳ ಮಾತ್ರ ಜಾಸ್ತಿ ಆಗುವುದು.

ಮುಂದಿನ ಅಧಿವೇಶನದಲ್ಲಿ ಈ 30 ದಿನದ ವಿಷಯ ಎತ್ತಬೇಕು ಅಂತ ಕೇಳಿ ಇದೇ ಪತ್ರದ ಒಂದು ಪ್ರತಿಯನ್ನು ನಮ್ಮ ಸಂಸದರ ಕಚೇರಿಗೂ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಉತ್ತರ ಬಂದರೆ ನಿಮಗೂ ಕಳಿಸುತ್ತೇನೆ, ಜಾಗ ಇದ್ದರೆ ಹಾಕಿ.

ಇಂತಿ,
ನಿಮ್ಮ ಓದುಗ
ಹಳೆಯಂಗಡಿ, ಮಂಗಳೂರು